ದನಿ ಒಡೆದು ಹೋಗುವ ಹುಡುಗನಿಗೆ ಅಷ್ಟು ವರ್ಷ ಹಾಡು ಕಲಿಸೋದು ಯಾಕೆ?

ಪ್ರಶ್ನೆ: ಸರ್, ನಾವು ಬಳ್ಳಾರಿಯವರು. ಮಗನಿಗೆ ಒಂಬತ್ತು ವರ್ಷ, ಚರ್ಚಿನಲ್ಲಿ ತುಂಬಾ ಚೆನ್ನಾಗಿ ಹಾಡ್ತಾನೆ. ಯೂರೋಪಿನಲ್ಲಿ ಕಥೋಲಿಕರು ಹುಡುಗರಿಗಾಗಿಯೇ ಹಾಡಿನ ಶಾಲೆ ನಡೆಸ್ತಾರೆ ಅಂತ ಕೇಳಿದ್ದೇನೆ. ಇನ್ನು ಮೂರ್ನಾಲ್ಕು ವರ್ಷಕ್ಕೆ ದನಿ ಒಡೆದು ಹೋಗುತ್ತಲ್ಲ, ಅಂಥ ಮಕ್ಕಳಿಗೆ ಅಷ್ಟು ಕಷ್ಟಪಟ್ಟು ಕಲಿಸಿ ಏನು ಪ್ರಯೋಜನ?

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ನನ್ನ ಮುಂದೆ ಬರುತ್ತದೆ. ಕ್ರಿಸ್ಮಸ್ ಹಾಡಿನ ತಾಲೀಮು ಶುರುವಾದರೆ ಸಾಕು, ಯಾರಾದರೂ ತಂದೆಯೋ ತಾಯಿಯೋ ಹಾಲ್ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಾರೆ. ನೀವು ಹಾಕಿದ ಲೆಕ್ಕ ತಪ್ಪಲ್ಲ. ಒಬ್ಬ ಹುಡುಗನನ್ನು ಮಾತ್ರ ನೋಡಿದರೆ ಎಂಟಕ್ಕೆ ಶುರು, ಹದಿಮೂರಕ್ಕೆ ಮುಗೀತು. ಆದರೆ ಆ ಶಾಲೆಗಳು ಒಬ್ಬ ಹುಡುಗನ ಲೆಕ್ಕ ಹಾಕುವುದಿಲ್ಲ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜರ್ಮನಿಯ ರೆಗೆನ್ಸ್‌ಬರ್ಗ್‌ನಲ್ಲಿ ಇಂಥ ಒಂದು ಶಾಲೆ ಇದೆ. 975ರಲ್ಲಿ ಬಿಷಪ್ ವೋಲ್ಫ್‌ಗಾಂಗ್ ಶುರು ಮಾಡಿಸಿದ್ದು. ನಮ್ಮ ಪಕ್ಕದ ಹಂಪಿಯಲ್ಲಿ ವಿಜಯನಗರದ ಅರಸರು ರಾಜ್ಯ ಕಟ್ಟುವುದಕ್ಕೆ ಮುನ್ನೂರೈವತ್ತು ವರ್ಷಕ್ಕೂ ಮೊದಲು! ಅಲ್ಲಿನ ಹುಡುಗರನ್ನು ಊರವರು 'ಕ್ಯಾಥೆಡ್ರಲ್ ಗುಬ್ಬಿಗಳು' ಅಂತ ಕರೆಯುತ್ತಾರೆ. ಕ್ಯಾಥೆಡ್ರಲ್ ಅಂದರೆ ಬಿಷಪ್ಪರ ಮುಖ್ಯ ಚರ್ಚು. ಸ್ಪೇನಿನ ಮೊಂಟ್‌ಸೆರಾಟ್ ಬೆಟ್ಟದ ಮಠದಲ್ಲಿ 14ನೇ ಶತಮಾನದಿಂದಲೇ ಹುಡುಗರು ಹಾಡುತ್ತಿದ್ದ ದಾಖಲೆ ಇದೆ, ಈಗಲೂ ಮಧ್ಯಾಹ್ನದ ಹೊತ್ತು ಯಾತ್ರಿಕರ ಮುಂದೆ ಮರಿಯ ಮಾತೆಗೆ ಹಾಡುತ್ತಾರೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕ್ಯಾಥೆಡ್ರಲ್ ಶಾಲೆ ಹೊಸದು, 1901ರದ್ದು. ಅಮೆರಿಕದ ಕೇಂಬ್ರಿಡ್ಜ್‌ನಲ್ಲಿರುವ ಸೇಂಟ್ ಪಾಲ್ ಶಾಲೆ ಇನ್ನೂ ಹೊಸದು, 1963ರಲ್ಲಿ ಥಿಯೊಡೋರ್ ಮೇರಿಯರ್ ಎಂಬ ಸಂಗೀತಗಾರ ಕಟ್ಟಿದ್ದು.

ಶಾಲೆ ಅಂದರೆ ಮಾಮೂಲಿ ಶಾಲೆಯೇ. ಗಣಿತ, ವಿಜ್ಞಾನ, ಆಟ ಎಲ್ಲ ಇರುತ್ತದೆ. ಅದರ ಜೊತೆ ದಿನಾ ತಾಲೀಮು, ಮತ್ತೆ ಕ್ಯಾಥೆಡ್ರಲ್‌ನಲ್ಲಿ ನಡೆಯುವ ಪೂಜೆಗೆ ಹಾಡುವುದು. ಇದನ್ನು ನಮ್ಮ ಕಡೆಯವರಿಗೆ ಅರ್ಥ ಮಾಡಿಸೋದು ಸುಲಭ. ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿದ್ದೀರಲ್ವಾ? ಕೊಪ್ಪಳದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆ ದಾರಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ, ಇರಲು ಜಾಗ ಕೊಟ್ಟು, ಸಂಗೀತ ಕಲಿಸಿದರು. ಧರ್ಮ ಬೇರೆ, ಸಂಗೀತ ಬೇರೆ, ಆದರೆ ಹಾಡು ಅಲ್ಲಿ ಗಂಟೆ ಹೊಡೆದಾಗ ಶುರುವಾಗಿ ಗಂಟೆ ಹೊಡೆದಾಗ ಮುಗಿಯುವ ಪಾಠವಲ್ಲ, ಇಡೀ ದಿನವೇ ಅದರ ಸುತ್ತ ತಿರುಗುತ್ತದೆ. ಆ ಶಾಲೆಗಳೂ ಹೀಗೆಯೇ.

ಹುಡುಗರೇ ಯಾಕೆ ಅಂತಲೂ ನೀವು ಕೇಳಬಹುದು. ಉತ್ತರ ಅಷ್ಟೇನೂ ಚೆನ್ನಾಗಿಲ್ಲ. ಹೆಂಗಸರು ಚರ್ಚಿನ ಗಾನವೃಂದದಲ್ಲಿ ಹಾಡಬಾರದು ಅನ್ನೋ ಕಟ್ಟು ನೂರಾರು ವರ್ಷ ಇತ್ತು. ತಾರಸ್ಥಾಯಿಯ ಹಾಡಂತೂ ಬೇಕೇ ಬೇಕು, ಹಾಗಾಗಿ ಹುಡುಗರು ಬಂದರು. ರೋಮಿನಲ್ಲಿ ಪೋಪರದೇ ಪ್ರಾರ್ಥನಾ ಮಂದಿರವಾದ ಸಿಸ್ಟೀನ್ ಚಾಪೆಲ್‌ನಲ್ಲಿ ಇನ್ನೂ ಕೆಟ್ಟದ್ದು ನಡೆಯಿತು: ಚಿಕ್ಕಂದಿನಲ್ಲಿ ಬೀಜ ಒಡೆಸಿಕೊಂಡ, ಅದರಿಂದಾಗಿ ದನಿ ಒಡೆಯದೇ ಉಳಿದ ಗಂಡಸರು ಅಲ್ಲಿ ಹಾಡುತ್ತಿದ್ದರು. ಅವರಲ್ಲಿ ಕೊನೆಯವರು ಅಲೆಸ್ಸಾಂಡ್ರೊ ಮೊರೆಸ್ಕಿ, ತೀರಿಕೊಂಡದ್ದು 1922ರಲ್ಲಿ, ತೀರಾ ಹಿಂದೇನಲ್ಲ. 1903ರ ನವೆಂಬರ್ 22ರಂದು ಪೋಪ್ ಹತ್ತನೇ ಪಯಸ್ ಒಂದು ಪತ್ರ ಹೊರಡಿಸಿ, ಎತ್ತರದ ದನಿ ಬೇಕಿದ್ದರೆ ಹುಡುಗರಿಂದಲೇ ಹಾಡಿಸಿ ಅಂದರು. ಆಮೇಲೆ ಕಟ್ಟು ಸಡಿಲವಾಯಿತು. ರೆಗೆನ್ಸ್‌ಬರ್ಗ್ ಶಾಲೆಯೇ 2022ರಲ್ಲಿ ಹುಡುಗಿಯರನ್ನೂ ಸೇರಿಸಿಕೊಂಡು ಅವರದೇ ಬೇರೆ ಗಾನವೃಂದ ಮಾಡಿತು. ಇದು ಆಗಬೇಕಾದದ್ದೇ. ನಮ್ಮ ಬಳ್ಳಾರಿಯ ಗಾನವೃಂದದಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟರೆ ಹಾಡೇ ನಿಂತು ಹೋಗುತ್ತದೆ.

ಈಗ ಅವರು ಹಾಡುವುದೇನು ಅನ್ನೋದಕ್ಕೆ ಬರೋಣ. ಎರಡು ಬಗೆ ಮುಖ್ಯ. ಒಂದು ಗ್ರೆಗೋರಿಯನ್ ಗಾಯನ, ಲ್ಯಾಟಿನ್ ಭಾಷೆಯದು. ಅದಕ್ಕೆ ತಾಳ ಇಲ್ಲ. ಎಲ್ಲರೂ ಒಂದೇ ಧಾಟಿಯನ್ನು, ಮಾತು ಓಡಿದ ಹಾಗೆ ಹಾಡಬೇಕು. ನಮ್ಮ ಮಾನ್ವಿ, ರಾಯಚೂರು ಕಡೆ ದಾಸರ ಉಗಾಭೋಗ ಕೇಳಿದವರಿಗೆ ಇದು ಹೊಸದು ಅನ್ನಿಸುವುದಿಲ್ಲ, ಅಲ್ಲೂ ತಾಳಕ್ಕಿಂತ ಮಾತೇ ಮುಂದೆ. ಇನ್ನೊಂದು ಪಾಲೆಸ್ಟ್ರಿನಾ, ಬರ್ಡ್ ಮುಂತಾದವರು 16ನೇ ಶತಮಾನದಲ್ಲಿ ಬರೆದ ಬಹುಧ್ವನಿ ಗಾಯನ. ನಾಲ್ಕೈದು ಗುಂಪು, ಒಂದೊಂದಕ್ಕೂ ಬೇರೆ ಬೇರೆ ಧಾಟಿ, ಒಬ್ಬರು ಶುರು ಮಾಡಿದ ಸಾಲನ್ನು ಇನ್ನೊಬ್ಬರು ಸ್ವಲ್ಪ ತಡವಾಗಿ ಎತ್ತಿಕೊಳ್ಳುತ್ತಾರೆ, ಮತ್ತೊಬ್ಬರು ಕೆಳಗಿನಿಂದ ಬಂದು ಸೇರುತ್ತಾರೆ, ಎಲ್ಲ ಸೇರಿದರೂ ಎಲ್ಲೂ ಗದ್ದಲ ಆಗುವುದಿಲ್ಲ. ಮೇಲಿನ ಧಾಟಿ ಹುಡುಗರದು, ಕೆಳಗಿನದು ದೊಡ್ಡವರದು. ಒಂದೇ ಧಾಟಿಗೆ ಒಗ್ಗಿದ ನಮ್ಮ ಕಿವಿಗೆ ಮೊದಲ ಸಲ ಯಾವುದನ್ನು ಹಿಡಿಯಬೇಕು ಅಂತ ಗೊತ್ತಾಗುವುದಿಲ್ಲ. ಎರಡನೇ ಸಲ ಬರೀ ಹುಡುಗರ ದನಿಯನ್ನೇ ಹಿಂಬಾಲಿಸಿ ಕೇಳಿ ನೋಡಿ, ಆಗ ದಾರಿ ಸಿಗುತ್ತದೆ.

ಸ್ವರ ಕಲಿಸೋ ಕ್ರಮದ ಕಥೆಯೂ ಚೆಂದ ಇದೆ. 11ನೇ ಶತಮಾನದಲ್ಲಿ ಇಟಲಿಯ ಅರೆತ್ಸೊ ಊರಿನಲ್ಲಿ ಗೀದೋ ಎಂಬ ಸನ್ಯಾಸಿ ಹುಡುಗರಿಗೆ ಹಾಡು ಕಲಿಸುತ್ತಿದ್ದ. ಏಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೊವಾನ್ನರ ಮೇಲಿನ ಒಂದು ಸ್ತುತಿಗೀತೆಯಲ್ಲಿ ಒಂದೊಂದು ತುಣುಕೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲೆ ಶುರುವಾಗುತ್ತಿತ್ತು. ಆ ತುಣುಕುಗಳ ಮೊದಲ ಅಕ್ಷರಗಳನ್ನೇ ಹೆಕ್ಕಿ ಉತ್, ರೆ, ಮಿ, ಫ, ಸೊಲ್, ಲ ಅಂತ ಮಾಡಿದ. ಈಗ ಎಲ್ಲರೂ ಹೇಳುವ ದೋ ರೆ ಮಿ ಬಂದದ್ದು ಅಲ್ಲಿಂದ. ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಒಂದೆರಡು ವರ್ಷಕ್ಕೆ ಆಗುತ್ತದೆ ಅಂತ ಅವನೇ ಬರೆದಿದ್ದಾನೆ. ಯಾಕಷ್ಟು ಅವಸರ ಅನ್ನೋದು ಹುಡುಗರಿಗೆ ಕಲಿಸುವವರಿಗೆ ಗೊತ್ತು. ಹತ್ತು ವರ್ಷ ಕಾಯುವಷ್ಟು ಹೊತ್ತು ಆ ದನಿ ಇರುವುದಿಲ್ಲ.

ದನಿ ಒಡೆಯೋದು ಅಂದರೆ ಗಂಟಲಿನ ಪೆಟ್ಟಿಗೆ ಬೆಳೆಯುತ್ತದೆ, ದನಿಯ ತಂತುಗಳು ಉದ್ದ ಆಗಿ ದಪ್ಪ ಆಗುತ್ತವೆ. ತಂಬೂರಿಯ ತೆಳು ತಂತಿ ತೆಗೆದು ದಪ್ಪ ತಂತಿ ಕಟ್ಟಿದ ಹಾಗೆ. ದನಿ ಸುಮಾರು ಒಂದು ಸ್ಥಾಯಿ ಕೆಳಗೆ ಇಳಿಯುತ್ತದೆ. ಇಳಿಯುವಾಗ ಮಧ್ಯದಲ್ಲಿ ಕೈಗೆ ಸಿಗುವುದಿಲ್ಲ, ಅಷ್ಟೇ. ಅದು ಕಾಯಿಲೆ ಅಲ್ಲ. ಹೈಡನ್ ಎಂಬ ದೊಡ್ಡ ಸಂಗೀತಗಾರ ಎಂಟು ವರ್ಷಕ್ಕೆ ವಿಯೆನ್ನಾದ ಸೇಂಟ್ ಸ್ಟೀಫನ್ ಕ್ಯಾಥೆಡ್ರಲ್ ಸೇರಿ, 1749ರಲ್ಲಿ ದನಿ ಹೋದಾಗ ಬೀದಿಗೆ ಬಿದ್ದ. ಶುಬರ್ಟ್ ಎಂಬ ಇನ್ನೊಬ್ಬ ದೊಡ್ಡ ಸಂಗೀತಗಾರ 1808ರಲ್ಲಿ, ಹನ್ನೊಂದು ವರ್ಷದವನಿದ್ದಾಗ, ಅದೇ ವಿಯೆನ್ನಾದ ಅರಮನೆಯ ಚಾಪೆಲ್‌ನಲ್ಲಿ ಹಾಡಲು ಸೇರಿದ್ದ. ನಾಲ್ಕು ವರ್ಷದ ನಂತರ ತನ್ನ ಹಾಡಿನ ಹಾಳೆಯ ಮೇಲೆ, ಶುಬರ್ಟ್ ಕೋಳಿಯಂತೆ ಕೂಗಿದ್ದು ಇದೇ ಕೊನೆ, 1812ರ ಜುಲೈ 26, ಅಂತ ಬರೆದಿಟ್ಟ. ಹದಿನೈದು ವರ್ಷದ ಹುಡುಗ! ನನಗೆ ಆ ಸಾಲು ನೆನಪಾದಾಗೆಲ್ಲ ನಮ್ಮ ಹುಡುಗರ ಮುಖ ಕಣ್ಣ ಮುಂದೆ ಬರುತ್ತದೆ. ಇಬ್ಬರ ದನಿಯೂ ಹೋಯಿತು. ಕಿವಿ ಹೋಗಲಿಲ್ಲ. ಅವರು ಮುಂದೆ ಬರೆದದ್ದೆಲ್ಲ ಆ ಕಿವಿಯಿಂದ ಬಂದದ್ದು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಎಂಟರಿಂದ ಹದಿಮೂರರವರೆಗಿನ 25 ಹುಡುಗರಿದ್ದಾರೆ ಅಂದುಕೊಳ್ಳಿ. ವರ್ಷಕ್ಕೆ ನಾಲ್ಕೈದು ಜನ ಹೊರಗೆ ಹೋಗುತ್ತಾರೆ, ಅಷ್ಟೇ ಜನ ಹೊಸಬರು ಬರುತ್ತಾರೆ. ಐದಾರು ವರ್ಷಕ್ಕೆ ಹಳಬ ಒಬ್ಬನೂ ಇರುವುದಿಲ್ಲ. ಆದರೂ ಹಾಡಿನ ಗುಣ ಬದಲಾಗುವುದಿಲ್ಲ. ವೆಸ್ಟ್‌ಮಿನ್‌ಸ್ಟರ್ ಹುಡುಗರ ದನಿ ಸ್ವಲ್ಪ ಹರಿತ, ತೆರೆದ ಗಂಟಲಿನದು, ಇಂಗ್ಲೆಂಡಿನ ಉಳಿದ ಕ್ಯಾಥೆಡ್ರಲ್‌ಗಳ ನಯವಾದ ಕೊಳಲಿನಂಥ ದನಿಯಲ್ಲ. ಜಾರ್ಜ್ ಮಾಲ್ಕಂ ಎಂಬ ಗುರು ಅದನ್ನು ತಿದ್ದಿ ತೀಡಿ ಬೆಳೆಸಿದರು. 1959ರಲ್ಲಿ ಬೆಂಜಮಿನ್ ಬ್ರಿಟನ್ ಎಂಬ ಸಂಗೀತಗಾರ ಆ ದನಿಗೆಂದೇ, ಬರೀ ಹುಡುಗರು ಮತ್ತು ಆರ್ಗನ್‌ಗೆ, ಒಂದು ಪುಟ್ಟ ಪೂಜಾಸಂಗೀತ ಬರೆದು ಕೊಟ್ಟ. ಆ ಹುಡುಗರೆಲ್ಲ ಈಗ ಅಜ್ಜಂದಿರು. ಗುರು ಒಬ್ಬನಿಂದಲೇ ಇದೆಲ್ಲ ಸಾಗುವುದಿಲ್ಲ. ಹನ್ನೆರಡರ ಹುಡುಗನ ಪಕ್ಕದಲ್ಲಿ ಎಂಟರ ಹುಡುಗನನ್ನು ನಿಲ್ಲಿಸುತ್ತಾರೆ, ಅವನು ಬಾಯಿ ತೆರೆಯೋದನ್ನು ಇವನು ನೋಡುತ್ತಾನೆ, ಅವನು ಉಸಿರು ಎಳೆದಾಗ ಇವನೂ ಎಳೆಯುತ್ತಾನೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ನಮ್ಮ ತಾಲೀಮು ಚರ್ಚಿನ ಹಿಂದಿನ ಹಾಲಿನಲ್ಲಿ. ಬಳ್ಳಾರಿಯ ಸೆಕೆ ನಿಮಗೆ ಗೊತ್ತಲ್ಲ, ಆದರೂ ಫ್ಯಾನ್ ಆಫ್ ಮಾಡುತ್ತೇವೆ, ಅದರ ಗರಗರ ಸದ್ದು ಶ್ರುತಿ ಕೆಡಿಸುತ್ತದೆ. ಹೋದ ವರ್ಷ ಮೇಲಿನ ಧಾಟಿ ಹಾಡುತ್ತಿದ್ದ ಹುಡುಗನ ದನಿ ಒಂದು ಸಂಜೆ ಪಲ್ಲವಿಯ ಮಧ್ಯದಲ್ಲಿ ಫಟ್ ಅಂತ ಬಿರಿಯಿತು. ಉಳಿದವರು ನಕ್ಕರು. ಅವನು ಹಾಡಿನ ಪುಸ್ತಕ ಮುಖಕ್ಕೆ ಹಿಡಿದುಕೊಂಡು ಕೂತುಬಿಟ್ಟ. ಮುಂದಿನ ವಾರ ಬರಲಾರ ಅಂದುಕೊಂಡಿದ್ದೆ, ಬಂದ. ಅವನನ್ನು ಎಂಟು ವರ್ಷದ ಒಬ್ಬ ಚಿಕ್ಕವನ ಪಕ್ಕ ನಿಲ್ಲಿಸಿದೆ, ಹಾಡಬೇಡ, ಸುಮ್ನೆ ಸಾಲಿನ ಮೇಲೆ ಬೆರಳು ಇಟ್ಟು ತೋರಿಸು ಅಂದೆ. ಆ ಚಿಕ್ಕವನಿಗೆ ಪದದ ನಡುವೆಯೇ ಉಸಿರು ಎಳೆಯೋ ಚಟ. ದೊಡ್ಡವನು ಆ ಜಾಗ ಬಂದಾಗಲೆಲ್ಲ ಅವನ ಭುಜ ಒತ್ತಿ ಹಿಡಿಯುತ್ತಿದ್ದ, ಪದ ಮುಗಿದ ಮೇಲೆ ಬಿಡುತ್ತಿದ್ದ. ನಾನು ಒಂದು ತಿಂಗಳು ಬಾಯಲ್ಲಿ ಹೇಳಿ ಆಗದ್ದು ಎರಡು ಸಂಜೆಯಲ್ಲಿ ಸರಿಹೋಯಿತು.

ಒಂದು ಮಾತು ಮುಚ್ಚಿಡದೇ ಹೇಳಬೇಕು. ಮಕ್ಕಳು ಮನೆ ಬಿಟ್ಟು ಇರುವ ಕಡೆ ಅನ್ಯಾಯ ನಡೆದದ್ದುಂಟು. 2017ರಲ್ಲಿ ರೆಗೆನ್ಸ್‌ಬರ್ಗ್ ಶಾಲೆಯ ಬಗ್ಗೆ ತನಿಖಾ ವರದಿ ಬಂತು: 1945ರಿಂದ 90ರ ದಶಕದ ಶುರುವಿನವರೆಗೆ ಕನಿಷ್ಠ 547 ಹುಡುಗರು ಹೊಡೆತ ಇಲ್ಲವೇ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಸಾವಿರ ವರ್ಷದ ಹೆಸರು ಆ ಮಕ್ಕಳನ್ನು ಕಾಪಾಡಲಿಲ್ಲ. ಸಂಗೀತದ ಶಾಲೆ ಯಾವುದೇ ಇರಲಿ, ಎಲ್ಲೇ ಇರಲಿ, ಮಗ ಯಾರ ಜೊತೆ ಇರುತ್ತಾನೆ, ಮನೆಗೆ ಯಾವಾಗ ಬೇಕಾದರೂ ಫೋನ್ ಮಾಡಬಹುದಾ ಅಂತ ಕೇಳಿಯೇ ಸೇರಿಸಿ. ಕೇಳಿದರೆ ಮುಖ ಗಂಟು ಹಾಕುವ ಕಡೆ ಬಿಡಬೇಡಿ.

ಇನ್ನು ನಿಮ್ಮ ಮಗನ ವಿಷಯ. ಅವನನ್ನು ಲಂಡನ್ನಿಗೆ ಕಳಿಸಬೇಕಾಗಿಲ್ಲ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಲೋಕದ ಕಥೋಲಿಕ ಬಿಷಪ್ಪರೆಲ್ಲ ಸೇರಿದ ಸಭೆ, ಆರಾಧನೆಯ ಬಗ್ಗೆ ಮಾಡಿದ ನಿರ್ಣಯದಲ್ಲಿ ಗಾನವೃಂದಗಳನ್ನು ಬೆಳೆಸಿ ಅಂತಲೂ ಇದೆ, ಆಯಾ ನಾಡಿನ ಸಂಗೀತಕ್ಕೆ ಜಾಗ ಕೊಡಿ ಅಂತಲೂ ಇದೆ. ಅದರಿಂದಲೇ ಇವತ್ತು ನಮ್ಮ ಪೂಜೆ ಕನ್ನಡದಲ್ಲಿ, ಹಾರ್ಮೋನಿಯಂ ತಬಲಾ ಜೊತೆ ನಡೆಯುತ್ತದೆ. ಬಳ್ಳಾರಿ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ, ಆದದ್ದು 1949ರಲ್ಲಿ, ಆದರೆ ರಾಯಚೂರು ಜಿಲ್ಲೆಯ ಮುದಗಲ್ಲಿನ ಕ್ರೈಸ್ತರು 16ನೇ ಶತಮಾನದಿಂದ ಇದ್ದಾರೆ. ಮೊಹರಂ ಪದಗಳಿಗೆ ಹೆಸರಾದ ಊರದು, ಹಾಡು ಆ ಊರಿಗೆ ಯಾರೂ ಹೊರಗಿಂದ ತಂದು ಕೊಡಬೇಕಾಗಿಲ್ಲ. ನಮಗೆ ಕಡಿಮೆ ಇರೋದು ದಿನದಿನದ ರೂಢಿ. ಹಬ್ಬಕ್ಕೆ ಹದಿನೈದು ದಿನ ಇರುವಾಗ ಮಕ್ಕಳನ್ನು ಕೂಡಿಸಿ ಗಂಟಲು ಹರಿಯೋ ಹಾಗೆ ಹಾಡಿಸುತ್ತೇವೆ, ಹಬ್ಬ ಮುಗಿದ ಮೇಲೆ ಬಿಡುತ್ತೇವೆ.

ಮನೆಯಲ್ಲಿ ದಿನಾ ಇಪ್ಪತ್ತು ನಿಮಿಷ ಸಾಕು. ಮೈಕ್ ಬೇಡ. ಜೋರಾಗಿ ಹಾಡು ಅಂತ ಹೇಳಬೇಡಿ, ಒಂದು ಸಾಲನ್ನು ಒಂದೇ ಉಸಿರಲ್ಲಿ ಮೆತ್ತಗೆ ಮುಗಿಸಲಿ. ನೊಟೇಶನ್ ಓದಲು ಈಗಲೇ ಕಲಿಸಿ, ಸರಿಗಮವೂ ಇರಲಿ. ದನಿ ಒಡೆಯಲು ಶುರುವಾದಾಗ ಮೇಲಿನ ಸ್ವರಕ್ಕೆ ಒತ್ತಾಯ ಮಾಡಬೇಡಿ, ಯಾರೂ ನಗದ ಹಾಗೆ ನೋಡಿಕೊಳ್ಳಿ. ಮನೆಯಲ್ಲಿ ಮಾತ್ರ ಕೂರಿಸಬೇಡಿ, ತಾಲೀಮಿಗೆ ಕಳಿಸಿ. ಆ ವರ್ಷ ಸೇರಿದ ಚಿಕ್ಕವನಿಗೆ ಪುಸ್ತಕ ಹಿಡಿದು ತೋರಿಸಲು ಅವನೇ ಬೇಕು.