ಹಾಳೆ ಮುಚ್ಚಿಟ್ಟು ಮಾಡುವ ತಾಲೀಮು

ಭಾಷಣ ಬರೆದುಕೊಂಡ ಮೇಲೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಹಾಳೆಯನ್ನು ಮತ್ತೆ ಮತ್ತೆ ಓದುವುದು. ಹತ್ತನೇ ಸಲಕ್ಕೆ ಕಣ್ಣು ಸರಾಗವಾಗಿ ಓಡುತ್ತದೆ, ಎಲ್ಲ ಬಾಯಿಗೆ ಬಂತು ಅನ್ನಿಸುತ್ತದೆ. ಮೈಕಿನ ಮುಂದೆ ನಿಂತರೆ ಮೂರನೇ ವಾಕ್ಯಕ್ಕೇ ತಲೆ ಖಾಲಿ. ಇದಕ್ಕೆ ಸಭಾಕಂಪನ ಎಂದು ಹೆಸರಿಟ್ಟು, ‘ಮಾತುಗಾರಿಕೆ ಹುಟ್ಟಿನಿಂದ ಬರಬೇಕು’ ಎಂದು ಕೈಚೆಲ್ಲುವವರನ್ನು ಕಂಡರೆ ಸಂಕಟವಾಗುತ್ತದೆ. ಎಷ್ಟೋ ಸಲ ಎಡವಟ್ಟಾಗಿರುವುದು ತಾಲೀಮಿನ ಕ್ರಮದಲ್ಲಿ.

ಓದುವಾಗ ಮಿದುಳು ಗುರುತು ಹಿಡಿಯುತ್ತದೆ. ವೇದಿಕೆಯಲ್ಲಿ ಅದು ಹುಡುಕಿ ತೆಗೆಯಬೇಕು. ಎದುರಾದ ಮುಖ ಪರಿಚಿತ ಎಂದು ತಟ್ಟನೆ ಹೊಳೆದರೂ ಹೆಸರು ನಾಲಿಗೆಯ ತುದಿಯಲ್ಲೇ ನಿಲ್ಲುವುದು ಈ ವ್ಯತ್ಯಾಸದಿಂದ. ಬಾವಿಗೆ ಇಣುಕಿ ನೀರಿದೆ ಎಂದು ತಿಳಿಯುವುದು ಬೇರೆ, ಸೇದುವುದು ಬೇರೆ. ಸೇದಿ ಸೇದಿಯೇ ತೋಳಿಗೆ ಕಸುವು, ಹಗ್ಗ ಉಜ್ಜಿ ಉಜ್ಜಿಯೇ ಕಟ್ಟೆಯ ಕಲ್ಲಿನಲ್ಲಿ ಗೆರೆ. ಹುಲ್ಲುಬಯಲಿನ ಕಾಲುದಾರಿಯೂ ನಡೆದಷ್ಟೂ ಸ್ಪಷ್ಟವಾಗುತ್ತದೆ. ನೆನಪೂ ಹಾಗೆಯೇ: ಹೊರತೆಗೆದಾಗಲೆಲ್ಲ ಅದನ್ನು ತಲುಪುವ ದಾರಿ ಹದವಾಗುತ್ತದೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನು ಅಳೆದು ತೋರಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಹಾಳೆ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ಬಳಿಕ ಓದಿದವರೇ ಮುಂದಿದ್ದರು: ಅವರಿಗೆ ನೆನಪಿದ್ದದ್ದು ಶೇ. 83, ಬರೆದವರಿಗೆ ಶೇ. 71. ವಾರ ಕಳೆದಾಗ ಓದಿದವರು ಶೇ. 40ಕ್ಕೆ ಕುಸಿದರು, ಬರೆದವರು ಶೇ. 61ರಲ್ಲಿ ನಿಂತರು. ಓದಿದ ಕೂಡಲೇ ಹುಟ್ಟುವ ಧೈರ್ಯವನ್ನು ನಂಬಬಾರದೆನ್ನುವುದು ಇದಕ್ಕೇ.

ನಮಗೆ ಇನ್ನೂ ಹತ್ತಿರದ್ದು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ 2016ರ ಪ್ರಯೋಗ. ಅಲ್ಲಿ 120 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಬೇಕೆಂದೇ ಒತ್ತಡ ತಂದರು, ಅದೂ ತೀರ್ಪುಗಾರರ ಮುಂದೆ ದಿಢೀರ್ ಭಾಷಣ ಮಾಡಿಸಿ, ಲೆಕ್ಕ ಬಿಡಿಸಲು ಹೇಳಿ! ಹಿಂದಿನ ದಿನ ಬರೀ ಓದಿಕೊಂಡಿದ್ದವರ ನೆನಪು ಒತ್ತಡದಲ್ಲಿ ಕುಗ್ಗಿತು. ನೆನಪಿಸಿಕೊಂಡು ಕಲಿತಿದ್ದವರದು ಕುಗ್ಗಲಿಲ್ಲ.

ಹಾಗಾದರೆ ಕ್ರಮ ಹೇಗೆ? ಹತ್ತು ನಿಮಿಷದ ಮಾತಿಗೆ ನಾಲ್ಕೈದು ಅಂಶ ಸಾಕು. ಎರಡು ಸಲ ಓದಿ, ಹಾಳೆ ಮಗುಚಿಟ್ಟು, ನಿಂತುಕೊಂಡು ಗಟ್ಟಿಯಾಗಿ ಹೇಳಿ. ಸಿಕ್ಕಿಕೊಂಡ ಕಡೆ ಕೂಡಲೇ ಇಣುಕಬೇಡಿ. ಅರ್ಧ ನಿಮಿಷ ತಡಕಾಡಿ, ಆಮೇಲೆ ನೋಡಿ ಗುರುತು ಹಾಕಿಕೊಳ್ಳಿ. ಆ ತಡಕಾಟವೇ ತಾಲೀಮು. ಮರುದಿನ ಮತ್ತೆ, ಎರಡು ದಿನ ಬಿಟ್ಟು ಇನ್ನೊಮ್ಮೆ. ವಾರದಲ್ಲಿ ನಾಲ್ಕು ಸಲವಾದರೆ ಒಳ್ಳೆಯದು. ಒಂದು ಸಲ ಮೂರನೇ ಅಂಶದಿಂದಲೇ ಶುರುಮಾಡಿ. ಪದಕ್ಕೆ ಪದ ಉರು ಹೊಡೆದರೆ ಪ್ರತಿ ಮಾತಿಗೂ ಹಿಂದಿನ ಮಾತೇ ಕೊಕ್ಕೆ. ಒಂದು ಕಳಚಿತೋ, ದಾರ ಕಡಿದ ಮಣಿಸರದಂತೆ ಎಲ್ಲ ಚೆಲ್ಲುತ್ತದೆ.

ಹಿಂದಿನ ಮಾತಿನ ಬದಲು ಜಾಗವನ್ನೇ ಕೊಕ್ಕೆ ಮಾಡಿಕೊಳ್ಳುವ ಉಪಾಯ ಹಳೆಯದು. ಕ್ರಿ.ಪೂ. 55ರಲ್ಲಿ ರೋಮಿನ ವಾಗ್ಮಿ ಸಿಸೆರೊ ಒಂದು ಐತಿಹ್ಯವನ್ನು ಬರೆದಿಟ್ಟಿದ್ದಾನೆ: ಔತಣದ ಮನೆಯ ಚಾವಣಿ ಕುಸಿದು ಗುರುತು ಸಿಗದಂತೆ ಸತ್ತವರನ್ನು, ಯಾರು ಎಲ್ಲಿ ಕುಳಿತಿದ್ದರೆಂಬ ನೆನಪಿನಿಂದಲೇ ಗ್ರೀಕ್ ಕವಿ ಸಿಮೊನಿಡೀಸ್ ಗುರುತಿಸಿದನಂತೆ. ನಿಮ್ಮ ಮೊದಲ ಅಂಶವನ್ನು ಮನೆಬಾಗಿಲಲ್ಲಿ, ಎರಡನೆಯದನ್ನು ಪಡಸಾಲೆಯಲ್ಲಿ, ಮೂರನೆಯದನ್ನು ಅಡುಗೆಮನೆಯಲ್ಲಿ ಮನಸ್ಸಿನಲ್ಲೇ ಇಟ್ಟು ನಡೆದು ನೋಡಿ, ಅನುಕ್ರಮ ತಪ್ಪುವುದಿಲ್ಲ.

ಇಷ್ಟಾದರೂ ಹಲವರು ಕನ್ನಡಿಯ ಮುಂದೆ ನಿಂತು ಬರೀ ಹಾವಭಾವ ತಿದ್ದುತ್ತಾರೆ. ‘ಮಾತಿನ ಪರಿಣಾಮದಲ್ಲಿ ಪದಗಳ ಪಾಲು ಶೇ. 7 ಮಾತ್ರ’ ಎಂಬ ಹುಸಿನಂಬಿಕೆ ಅವರನ್ನು ಅಲ್ಲಿಗೆ ಅಟ್ಟುತ್ತದೆ. ಈ ಅಂಕಿಯನ್ನು ಕೊಟ್ಟ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪರೀಕ್ಷಿಸಿದ್ದು ಬಿಡಿಬಿಡಿ ಪದಗಳು, ದನಿ ಮತ್ತು ಮುಖದ ಫೋಟೊಗಳಿಂದ ಒಲವು-ಬೇಸರಗಳು ಹೇಗೆ ತಿಳಿಯುತ್ತವೆ ಎಂಬುದನ್ನು. ಭಾಷಣಕ್ಕೂ ಆ ಅಂಕಿಗೂ ಸಂಬಂಧವೇ ಇಲ್ಲ.

ಸಮಯ ಅಳೆಯುವಾಗಲೂ ಎರವಲು ಲೆಕ್ಕ ಬೇಡ. ನಿಮಿಷಕ್ಕೆ 130 ಪದ ಎಂಬುದು ಇಂಗ್ಲಿಷಿನವರ ಅಂದಾಜು. ‘ಮನೆಯಲ್ಲಿದ್ದವರಿಗೂ’ ಎಂದು ಒಂದೇ ಪದದಲ್ಲಿ ನಾವು ಹೇಳುವುದಕ್ಕೆ ಅವರಿಗೆ ಐದಾರು ಪದ ಬೇಕು. ಗಡಿಯಾರ ಇಟ್ಟು ಒಂದು ಪುಟ ಗಟ್ಟಿಯಾಗಿ ಓದಿ, ನಿಮ್ಮದೇ ವೇಗ ಕಂಡುಕೊಳ್ಳಿ.

ಕೊನೆಗೆ ಚೀಟಿ. ತೆಳು ಹಾಳೆ ಕೈನಡುಕವನ್ನು ಹಿಗ್ಗಿಸಿ ತೋರಿಸುತ್ತದೆ. ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ರಟ್ಟು ತೋರಿಸುವುದಿಲ್ಲ. ಅದರಲ್ಲಿ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಪೂರ್ತಿ ಇರಲಿ, ನಡುವೆ ಅಂಶಕ್ಕೊಂದೇ ಪದ, ಕೈಚಾಚಿ ಹಿಡಿದರೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ.