ಕ್ರೋಮ್‌ಬುಕ್‌ನೊಳಗಿನ ಪೆಂಗ್ವಿನ್ ಕೋಣೆ

ಅಕ್ಕನ ಮಗಳು ಕಾಲೇಜಿಗೆಂದು ಕ್ರೋಮ್‌ಬುಕ್ ಎಂಬ ಲ್ಯಾಪ್‌ಟಾಪ್ ತಗೊಂಡಳು. ವಾರ ಕಳೆಯುವುದರೊಳಗೆ ಫೋನ್ ಬಂತು. "ಮಾಮ, ಅಡಾಸಿಟಿ ಇಳಿಸಿಕೊಂಡಿದ್ದೀನಿ. ಎಷ್ಟು ಸಲ ಒತ್ತಿದರೂ ಇನ್‌ಸ್ಟಾಲ್ ಆಗ್ತಿಲ್ಲ." ಅಜ್ಜಿ ಹಾಡುವ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಿ, ನಡುವಿನ ಕೆಮ್ಮು, ಪಾತ್ರೆ ಸದ್ದು ತೆಗೆಯಬೇಕೆಂಬುದು ಅವಳ ಆಸೆ. ಅಡಾಸಿಟಿ ಆ ಕೆಲಸಕ್ಕಿರುವ ಸಾಫ್ಟ್‌ವೇರ್. ಅವಳು ಇಳಿಸಿಕೊಂಡಿದ್ದು ವಿಂಡೋಸ್‌ಗೆಂದು ಮಾಡಿದ ಇಎಕ್ಸ್‌ಇ ಫೈಲು. ಕ್ರೋಮ್‌ಬುಕ್ ನಡೆಸುವ ಗೂಗಲ್‌ನ ಕ್ರೋಮ್ ಓಎಸ್‌ಗೆ ಅದರ ಭಾಷೆಯೇ ಬಾರದು.

ಕ್ರೋಮ್‌ಬುಕ್‌ಗಳು 2011ರಲ್ಲಿ ಮಾರುಕಟ್ಟೆಗೆ ಬಂದಾಗ ಹಿಂದಿದ್ದ ಯೋಚನೆ ಸರಳ. ಮೇಲ್, ಟೈಪಿಂಗ್, ವಿಡಿಯೊ ಎಲ್ಲ ಬ್ರೌಸರ್‌ನಲ್ಲೇ ಆಗುತ್ತದೆ, ಬೇರೆ ಸಾಫ್ಟ್‌ವೇರ್ ಯಾಕೆ ಬೇಕು? ಹಾಗಾಗಿ ಮೂಲ ವ್ಯವಸ್ಥೆ ಕುಳಿತಿರುವ ಜಾಗವನ್ನು ಓದಬಹುದು, ಅದರಲ್ಲಿ ಏನೂ ಬರೆಯಲಾಗದು. ಆನ್ ಮಾಡಿದಾಗಲೆಲ್ಲ ಆ ಫೈಲುಗಳನ್ನು ಯಾರಾದರೂ ಮುಟ್ಟಿದ್ದಾರೆಯೇ ಎಂದು ಯಂತ್ರ ತಾನೇ ಪರೀಕ್ಷಿಸಿಕೊಳ್ಳುತ್ತದೆ. ವೈರಸ್ ಕಾಟ ಕಡಿಮೆ ಇರುವುದು ಇದರಿಂದಲೇ. ನಮಗೆ ಬೇಕಾದ ಸಾಫ್ಟ್‌ವೇರ್ ಹಾಕಲು ಬಿಡದಿರುವುದೂ ಇದೇ ಬೀಗ.

ಮೊದಲು ಈ ಬೀಗ ತೆಗೆಯಲು ಡೆವಲಪರ್ ಮೋಡ್‌ಗೆ ಹೋಗಬೇಕಿತ್ತು. ಹೋದರೆ ಯಂತ್ರದಲ್ಲಿದ್ದ ಫೈಲುಗಳು ಅಳಿಸಿಹೋಗುತ್ತಿದ್ದವು, ಪರೀಕ್ಷೆಯೂ ನಿಲ್ಲುತ್ತಿತ್ತು. ಮನೆಗೆ ಕಿಟಕಿ ಬೇಕೆಂದು ಗೋಡೆಯನ್ನೇ ಕೆಡವಿದ ಹಾಗೆ ಅಲ್ವಾ? 2018ರಲ್ಲಿ ಗೂಗಲ್ ಬೇರೆ ದಾರಿ ತಂದಿತು. ಅದರ ಹೆಸರು ಕ್ರೋಸ್ಟಿನಿ. ನನಗೆ ತುಂಬ ಇಷ್ಟವಾದ ಎಂಜಿನಿಯರಿಂಗ್ ಕೆಲಸ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಕ್ರೋಮ್ ಓಎಸ್‌ ಒಳಗೆ ಕ್ರಾಸ್‌ವಿಎಂ ಎಂಬ ಪ್ರೋಗ್ರಾಂ ಓಡುತ್ತದೆ. ಮೆಮೊರಿಯ ತಪ್ಪುಗಳಿಗೆ ಜಾಗ ಕೊಡದ ರಸ್ಟ್ ಭಾಷೆಯಲ್ಲಿ ಬರೆದದ್ದು. ಇದು ಇನ್ನೊಂದು ಕಂಪ್ಯೂಟರನ್ನೇ ನಟಿಸುತ್ತದೆ. ಆ ನಟನೆಯ ಕಂಪ್ಯೂಟರಿನ ಹೆಸರು ಟರ್ಮಿನಾ. ಟರ್ಮಿನಾದೊಳಗೆ ಪೆಂಗ್ವಿನ್ ಎಂಬ ಕೋಣೆ. ಆ ಕೋಣೆಯಲ್ಲಿ ಡೆಬಿಯನ್ ಲಿನಕ್ಸ್ ಎಂಬ ಬೇರೊಂದು ಓಎಸ್‌ನ ವಾಸ. ನಾವು ಹಾಕುವ ಸಾಫ್ಟ್‌ವೇರ್ ಎಲ್ಲ ಈ ಪೆಂಗ್ವಿನ್ ಪಾಲು. ಅಲ್ಲಿ ಏನೇ ಕೆಟ್ಟರೂ ಹೊರಗಿನ ಮನೆಗೆ ತಾಕದ ಹಾಗೆ ನಡುವೆ ಎರಡು ಗೋಡೆ ಇವೆ.

ಹಾಗಾದರೆ ಅಷ್ಟು ಒಳಗಿರುವ ಅಡಾಸಿಟಿ ಪರದೆಯ ಮೇಲೆ ಕಾಣುವುದು ಹೇಗೆ? ಅದಕ್ಕೆ ಸೊಮೆಲಿಯೆ ಎಂಬ ಮಧ್ಯವರ್ತಿ ಇದ್ದಾನೆ. ಒಳಗಿನ ಪ್ರೋಗ್ರಾಂ ಬಿಡಿಸಿದ ಕಿಟಕಿಯನ್ನು ಹೊರಗೆ ತಲುಪಿಸುತ್ತಾನೆ. ಮೌಸ್, ಕೀಲಿಗಳ ಒತ್ತನ್ನು ಒಳಗೆ ಕಳಿಸುತ್ತಾನೆ. ಬ್ರೌಸರ್ ಪಕ್ಕದಲ್ಲೇ ಅಡಾಸಿಟಿ ತೆರೆದಿದ್ದರೆ ಅವು ಬೇರೆ ಬೇರೆ ಲೋಕದವು ಎಂದು ಗೊತ್ತೇ ಆಗದು.

ಮಾಡುವ ಕೆಲಸ ಇದರ ಮುಂದೆ ಏನೂ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಲಿನಕ್ಸ್ ಡೆವಲಪ್‌ಮೆಂಟ್ ಎನ್ವಿರಾನ್‌ಮೆಂಟ್ ಹುಡುಕಿ ಆನ್ ಮಾಡಿದೆವು. ಡಿಸ್ಕ್‌ನಲ್ಲಿ ಎಷ್ಟು ಜಾಗ ಬೇಕೆಂದು ಕೇಳಿತು, ಕೊಟ್ಟೆವು. ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಟರ್ಮಿನಲ್ ತೆರೆಯಿತು. 'ಸುಡೊ ಆಪ್ಟ್ ಅಪ್‌ಡೇಟ್', ಆಮೇಲೆ 'ಸುಡೊ ಆಪ್ಟ್ ಇನ್‌ಸ್ಟಾಲ್ ಅಡಾಸಿಟಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದಳು. ಆಪ್ಟ್ ಎಂದರೆ ಡೆಬಿಯನ್ ಉಗ್ರಾಣದಿಂದ ಸಾಫ್ಟ್‌ವೇರ್ ತಂದು ಹಾಕುವ ಪ್ರೋಗ್ರಾಂ. ಸಾಲುಗಳು ಸರಸರ ಓಡಿದವು. ಆಪ್‌ಗಳ ಪಟ್ಟಿಯಲ್ಲಿ ಹೊಸ ಚಿತ್ರ ಬಂದು ಕೂತಿತು.

ಡೆಬಿಯನ್‌ಗೆಂದು ಮಾಡಿದ ಡೆಬ್ ಫೈಲನ್ನು ನೀವೇ ಇಳಿಸಿಕೊಂಡು ಎರಡು ಸಲ ಒತ್ತಿಯೂ ಹಾಕಬಹುದು. ಆದರೆ ನಿಮ್ಮ ಯಂತ್ರದ ಚಿಪ್ ಇಂಟೆಲ್ ಬಗೆಯದೋ ಆರ್ಮ್ ಬಗೆಯದೋ ಮೊದಲು ನೋಡಿ. ಒಂದಕ್ಕೆ ಮಾಡಿದ್ದು ಇನ್ನೊಂದರಲ್ಲಿ ಓಡದು. ಆಪ್ಟ್ ಬಳಸಿದರೆ ಈ ತಲೆನೋವಿಲ್ಲ, ಸರಿಯಾದದ್ದನ್ನು ಅದೇ ಆರಿಸುತ್ತದೆ. ಕನ್ನಡದವರಿಗೆ ಇನ್ನೊಂದು ಖುಷಿ: ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೂ ಡೆಬಿಯನ್ ಉಗ್ರಾಣದಲ್ಲೇ ಇವೆ.

ಒಂದು ಮಾತು ಮರೆಯಬೇಡಿ. ಲಿನಕ್ಸ್ ಕೋಣೆಯನ್ನು ಸೆಟ್ಟಿಂಗ್ಸ್‌ನಿಂದ ತೆಗೆದುಹಾಕಿದರೆ ಅದರೊಳಗಿನ ಫೈಲುಗಳೂ ಹೋಗುತ್ತವೆ. ಅಜ್ಜಿಯ ಹಾಡು ಮತ್ತೆ ಸಿಗುವುದಿಲ್ಲ. ಅಲ್ಲೇ ಇರುವ ಬ್ಯಾಕಪ್ ಗುಂಡಿ ಒತ್ತಿ, ಬಂದ ಫೈಲನ್ನು ಹೊರಗೆ ಎತ್ತಿಡಿ.

ರೆಕಾರ್ಡ್ ಒತ್ತಿದಾಗ ಮೊದಲ ಸಲ ಧ್ವನಿಯ ಗೆರೆ ಸಪಾಟಾಗಿಯೇ ಹೋಯಿತು. ಕೋಣೆಗೆ ಮೈಕ್ ತಾನಾಗಿ ಸಿಗುವುದಿಲ್ಲ, ನಾವೇ ಅನುಮತಿ ಕೊಡಬೇಕು. ನಮ್ಮ ಅನುಮತಿ ಇಲ್ಲದೆ ಮನೆಯ ಮಾತು ಕೇಳಿಸಿಕೊಳ್ಳದಿರಲಿ ಎಂದೇ ಹಾಗೆ ಮಾಡಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಆ ಸ್ವಿಚ್ ಹಾಕಿ ಅಡಾಸಿಟಿಯನ್ನು ಮತ್ತೆ ತೆರೆದೆವು. ಅಜ್ಜಿ ಗಂಟಲು ಸರಿಮಾಡಿಕೊಂಡರು. ನೀಲಿ ಗೆರೆ ಎದ್ದು ನಿಂತಿತು.