ಕ್ಯಾನ್ಸರ್ ಅಲ್ಲದ ಗಡ್ಡೆ: ಪೂರ್ತಿ ತೆಗೆಸಿದರೆ ಮುಗಿಯಿತೇ?

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ತಲೆನೋವು, ಕಣ್ಣು ಮಂಜು ಅಂತ ಹಾಸನದಲ್ಲಿ ಎಂಆರ್‌ಐ ಮಾಡಿಸಿದೆವು. ಪಿಟ್ಯೂಟರಿ ಹತ್ತಿರ ‘ಕ್ರೇನಿಯೋಫಾರಿಂಜಿಯೋಮಾ’ ಇದೆಯಂತೆ, ಕ್ಯಾನ್ಸರ್ ಅಲ್ಲವಂತೆ. ಪೂರ್ತಿ ತೆಗೆಸಿಬಿಟ್ಟರೆ ಮುಗಿಯಿತಲ್ಲವೇ?
– ಮೂಡಿಗೆರೆಯ ಓದುಗರು

ಉತ್ತರ: ಕ್ಯಾನ್ಸರ್ ಅಲ್ಲ ಎಂಬುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇದು 1ನೇ ದರ್ಜೆಯ ಗಡ್ಡೆ. ತೊಂದರೆಯೆಲ್ಲ ಅದು ಕೂತ ಜಾಗದ್ದು. ಪಿಟ್ಯೂಟರಿ ಎಂದರೆ ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ, ಹಾರ್ಮೋನು ಕಳಿಸುವ ಗ್ರಂಥಿ. ಅದರ ನೆತ್ತಿಯ ಮೇಲೆಯೇ ಕಣ್ಣಿನ ನರಗಳು ಹಾಯುತ್ತವೆ, ಅದರ ಮೇಲೆ ಹಸಿವು, ಬಾಯಾರಿಕೆ, ನಿದ್ದೆ ನೋಡಿಕೊಳ್ಳುವ ಹೈಪೋಥಲಾಮಸ್. ಗಡ್ಡೆ ಇವಕ್ಕೆ ಅಂಟಿಕೊಂಡಿರುತ್ತದೆ. ಕಿತ್ತು ತೆಗೆಯಲು ಹೋಗಿ ಹೈಪೋಥಲಾಮಸ್‌ಗೆ ಪೆಟ್ಟಾದರೆ ಮಗುವಿಗೆ ಎಷ್ಟು ಉಂಡರೂ ಹಸಿವು ಹಿಂಗದು, ತೂಕ ಏರುತ್ತಲೇ ಹೋಗುತ್ತದೆ. ಅದಕ್ಕೇ ಅನುಭವಿ ಸರ್ಜನ್ನರು ಅಂಟಿದ ಚೂರನ್ನು ಬಿಟ್ಟು, ಆಮೇಲೆ ರೇಡಿಯೇಷನ್ ಕೊಡಿಸುತ್ತಾರೆ: ಸಾಮಾನ್ಯವಾಗಿ ದಿನಕ್ಕೆ 1.8 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಅಳತೆ) 30 ಸಲ, ಒಟ್ಟು 54 ಗ್ರೇ. ‘ಸ್ವಲ್ಪ ಬಿಟ್ಟಿದ್ದೇವೆ’ ಎಂದರೆ ಗಾಬರಿಯಾಗಬೇಡಿ.

ಎಂಆರ್‌ಐ ಜೊತೆಗೆ ಒಂದು ಸಾದಾ ಸಿಟಿಯನ್ನೂ ಕೇಳಿ. ಗಡ್ಡೆಯೊಳಗಿನ ಸುಣ್ಣದ (ಕ್ಯಾಲ್ಸಿಯಂ) ಚುಕ್ಕಿಗಳು ಎಂಆರ್‌ಐಯಲ್ಲಿ ತಪ್ಪಿಹೋಗುತ್ತವೆ, ಸಿಟಿಯಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಮಕ್ಕಳಲ್ಲಿ ನೀರಿನ ಚೀಲ ಮತ್ತು ಸುಣ್ಣ ಎರಡೂ ಇದ್ದರೆ ಬಹುಪಾಲು ಈ ಗಡ್ಡೆಯ ಅಡಮಾಂಟಿನೋಮಾಟಸ್ ಎಂಬ ಬಗೆಯೇ. ಚೀಲದೊಳಗಿನ ದ್ರವ ಹಳೆ ಎಂಜಿನ್ ಆಯಿಲ್‌ನಂತಿದ್ದು, ಕೊಲೆಸ್ಟರಾಲ್ ಹರಳು ಮಿನುಗುತ್ತಿರುತ್ತವೆ. ಮಿದುಳಿನ ಸುತ್ತ ಚೆಲ್ಲಿದರೆ ಪೊರೆ ಊದಿಕೊಳ್ಳುತ್ತದೆ. ಪ್ಯಾಪಿಲರಿ ಎಂಬ ಇನ್ನೊಂದು ಬಗೆ ದೊಡ್ಡವರದು. ಅದರಲ್ಲಿ ಹೆಚ್ಚಾಗಿ ಬಿಆರ್‌ಎಎಫ್ ಜೀನ್ ದೋಷವಿರುವುದರಿಂದ ಮಾತ್ರೆಗೇ ಕರಗುವುದುಂಟು. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 16 ಜನರಲ್ಲಿ 15 ಮಂದಿಗೆ ಗಡ್ಡೆ ಕುಗ್ಗಿತು. ನಿಮ್ಮ ಮಗಳ ವಯಸ್ಸಿನಲ್ಲಿ ಆ ಬಗೆ ತೀರಾ ಅಪರೂಪ.

ಆಪರೇಷನ್‌ಗೆ ಮೊದಲು ಕಣ್ಣಿನ ಫೀಲ್ಡ್ ಟೆಸ್ಟ್ (ಅಕ್ಕಪಕ್ಕ ಎಷ್ಟು ಕಾಣುತ್ತದೆಂಬ ಪರೀಕ್ಷೆ), ರಕ್ತದಲ್ಲಿ ಬೆಳಿಗ್ಗೆ 8ರ ಕಾರ್ಟಿಸಾಲ್ (ಬಿಪಿ ಕಾಯುವ ಹಾರ್ಮೋನು), ಫ್ರೀ ಟಿ4 (ಥೈರಾಯ್ಡ್ ಹಾರ್ಮೋನು), ಸೋಡಿಯಂ ಆಗಲೇಬೇಕು. ಇಲ್ಲಿ ಹೆಚ್ಚಾಗಿ ಆಗುವ ತಪ್ಪು: ಟಿಎಸ್‌ಎಚ್ ಸರಿಯಿದೆ, ಥೈರಾಯ್ಡ್ ಚೆನ್ನಾಗಿದೆ ಎಂದು ಬಿಟ್ಟುಬಿಡುವುದು. ಟಿಎಸ್‌ಎಚ್ ಕಳಿಸುವ ಪಿಟ್ಯೂಟರಿಯೇ ಕೆಟ್ಟಿರುವಾಗ ಆ ಅಂಕಿಯನ್ನು ನಂಬುವಂತಿಲ್ಲ, ಟಿ4 ನೋಡಬೇಕು. ಕಾರ್ಟಿಸಾಲ್, ಟಿ4 ಎರಡೂ ಕಡಿಮೆಯಿದ್ದರೆ ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೋಕಾರ್ಟಿಸೋನ್ ಮೊದಲು, ಟಿ4 ಬದಲಿಗೆ ಕೊಡುವ ಥೈರಾಕ್ಸಿನ್ ಆಮೇಲೆ. ತಿರುಗಾಮುರುಗಾ ಆದರೆ ಉಳಿದ ಚೂರು ಕಾರ್ಟಿಸಾಲೂ ಬೇಗ ಖರ್ಚಾಗಿ ಬಿಪಿ ಕುಸಿಯುತ್ತದೆ.

ಆಪರೇಷನ್ ಮೂಗಿನ ಮೂಲಕವಾಗಿದ್ದರೆ, ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತದೆಯೇ ನೋಡಿ. ಅದು ಮಿದುಳಿನ ಸುತ್ತಲಿನ ದ್ರವ ಸೋರುತ್ತಿರುವುದಿರಬಹುದು, ನೆಗಡಿ ಎಂದು ಕಾಯದೆ ಡಾಕ್ಟರಿಗೆ ತಿಳಿಸಿ. ಕುಡಿದ ನೀರು, ಹೋದ ಮೂತ್ರ ಎರಡನ್ನೂ ಅಳತೆಯ ಜಗ್ಗಿನಲ್ಲಿ ಅಳೆದು ಬರೆದಿಡಿ. ವಿಪರೀತ ಮೂತ್ರ ಹೋಗುವುದನ್ನು ತಡೆಯುವ ಡೆಸ್ಮೋಪ್ರೆಸಿನ್ ಮದ್ದಿನ ಡೋಸ್ ನಿರ್ಧರಿಸಲು ಆ ಪಟ್ಟಿ ಬೇಕು. ಆ ಮದ್ದು ತೆಗೆದುಕೊಳ್ಳುವಾಗ ಒತ್ತಾಯ ಮಾಡಿ ನೀರು ಕುಡಿಸಿದರೆ ಸೋಡಿಯಂ ಇಳಿದು ಫಿಟ್ಸ್ ಬರಬಹುದು.

ಹೈಡ್ರೋಕಾರ್ಟಿಸೋನ್ ಮುಂದುವರಿದಿದ್ದರೆ ಜ್ವರ ಬಂದ ದಿನ ಡಾಕ್ಟರು ಬರೆದುಕೊಟ್ಟಂತೆ ಎರಡು ಮೂರು ಪಟ್ಟು ಕೊಡಬೇಕು. ಮಂಗಳೂರಿಗೆ ತೋರಿಸಲು ಹೋಗುವಾಗ ಚಾರ್ಮಾಡಿ ಘಾಟಿಯಲ್ಲಿ ವಾಂತಿಯಾದರೆ ಮಾತ್ರೆಯೂ ಹೊರಹೋಯಿತೆಂದೇ ಲೆಕ್ಕ. ಆಗ ಕೊಡಲು ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್, ಸಿರಿಂಜ್, ಡೋಸ್ ಬರೆದ ಚೀಟಿ ಮೂರೂ ಕೈಚೀಲದಲ್ಲಿರಲಿ. ಕೊಟ್ಟಿಗೆಹಾರ ಬಿಡುವ ಮೊದಲೇ ನೋಡಿಕೊಳ್ಳಿ.